ಅರ್ಧ ಗೀಟು

ಕೈಯ ಬಗ್ಗೆ ಜಂಬ ಪಡಬಾರದು ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗಾಗುವುದಿಲ್ಲ. ಭದ್ರಾವತಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನು ನಾನು. ಕಬ್ಬಿಣದ ತುಂಡನ್ನು ಬೆರಳಲ್ಲಿ ಸವರಿ ಎಲ್ಲಿ ಎಷ್ಟು ಉಬ್ಬಿದೆ ಎಂದು ಹೇಳುತ್ತಿದ್ದೆ. ಆಮೇಲೆ ಅಳತೆ ಮಾಡಿ ನೋಡಿದವರು ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದರು. ಹೆಸರು ಹಿರಿಯಣ್ಣ, ವಯಸ್ಸು ಅರವತ್ತೆರಡು. ಕೈ ಇವತ್ತಿಗೂ ನಡುಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿ ಮುದುಕನ ಕೈ ನಡುಗಿರಬೇಕು ಬಿಡಿ ಎಂದು ಯಾರಾದರೂ ಅಂದುಕೊಂಡರೆ ನನಗೆ ಸಿಟ್ಟು ಬರುತ್ತದೆ.

ನಿವೃತ್ತಿಯಾದ ಮೇಲೆ ಆರು ತಿಂಗಳು ಮನೆಯಲ್ಲಿದ್ದೆ. ಬಾಗಿಲ ಚಿಲಕ ಎರಡು ಮಿಲಿಮೀಟರ್ ಓರೆಯಾಗಿದೆ, ಮಿಕ್ಸಿಯ ಜಾರು ಸರಿಯಾಗಿ ಕೂರುತ್ತಿಲ್ಲ ಎಂದು ದಿನವಿಡೀ ಹೆಂಡತಿಯ ತಲೆ ತಿಂದೆ. ‘ಎಲ್ಲಾದ್ರೂ ಕೆಲಸಕ್ಕೆ ಹೋಗಿ ಮಾರಾಯ್ರೇ, ನಿಮ್ಮ ಕಾಲಿಗೆ ಬೀಳ್ತೀನಿ’ ಎಂದಳು ವಿಶಾಲಮ್ಮ. ಆಗ ಸಿಕ್ಕಿದ್ದು ಪ್ರಸನ್ನಕುಮಾರನ ಲ್ಯಾಬು. ಅವನ ಅಪ್ಪನದು ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಅಂಗಡಿ. ಮಗ ಎಂ.ಟೆಕ್ ಓದಿ, ವಿನೋಬನಗರದ ಮನೆಯ ಕೆಳಗಿನ ಅಂತಸ್ತಿನಲ್ಲಿ ಎಲೆಕ್ಟ್ರಾನಿಕ್ ಚಿಪ್ಪುಗಳನ್ನು ಅಳೆಯುವ ಲ್ಯಾಬ್ ಇಟ್ಟಿದ್ದ. ಕೈ ಗಟ್ಟಿಯಿರುವ ಒಬ್ಬ ಮನುಷ್ಯ ಬೇಕೆಂದು ಹುಡುಕುತ್ತಿದ್ದ. ಯಾರೋ ನನ್ನ ಹೆಸರು ಹೇಳಿದರು. ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೇನೆ.

ಕೆಲಸ ಏನೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹುಬ್ಬಳ್ಳಿ, ಮೈಸೂರಿನ ಕಡೆಯಿಂದ ಸಾಸಿವೆ ಕಾಳಿನಷ್ಟು ಚಿಕ್ಕ ಚಿಪ್ಪುಗಳು ಬರುತ್ತವೆ. ಮೊಬೈಲ್ ಟವರಿಗೋ ರಾಡಾರಿಗೋ ಯಾರೋ ಕೂತು ವಿನ್ಯಾಸ ಮಾಡಿದವು. ಚಿಪ್ಪಿನ ಅಂಚಿನಲ್ಲಿ ಲೋಹದ ಚೌಕಗಳಿರುತ್ತವೆ, ಅವಕ್ಕೆ ಪ್ಯಾಡ್ ಎನ್ನುತ್ತಾರೆ. ಒಂದೊಂದೂ ತಲೆಕೂದಲಿನ ದಪ್ಪಕ್ಕಿಂತ ತುಸು ಅಗಲ. ಅವುಗಳ ಮೇಲೆ ಪ್ರೋಬ್ ಇಳಿಸಬೇಕು. ಪ್ರೋಬ್ ಎಂದರೆ ಮೂರು ಹಲ್ಲಿನ ಒಂದು ಪುಟ್ಟ ಮುಳ್ಳುಚಮಚ. ನಡುವಿನ ಹಲ್ಲಿನಲ್ಲಿ ಸಿಗ್ನಲ್, ಎರಡು ಪಕ್ಕದವು ಗ್ರೌಂಡ್. ಮೂರೂ ಒಟ್ಟಿಗೇ, ಒಂದೇ ಮಟ್ಟದಲ್ಲಿ ಕೂರಬೇಕು. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು, ಗುಂಡಿ ತಿರುಗಿಸುತ್ತಾ ಇಳಿಸುವುದು ನನ್ನ ಕೆಲಸ. ಆಮೇಲೆ ಮೆಷಿನ್ ಸಿಗ್ನಲ್ ಕಳಿಸುತ್ತದೆ, ಎಷ್ಟು ಒಳಗೆ ಹೋಯಿತು, ಎಷ್ಟು ಒದ್ದು ವಾಪಸ್ ಬಂತು ಎಂದು ಪರದೆಯ ಮೇಲೆ ಗೆರೆ ಎಳೆಯುತ್ತದೆ. ವಾಪಸ್ ಬಂದದ್ದರ ಗೆರೆ ಒಂದು ಕೆಂಪು ಗೆರೆಯ ಕೆಳಗೇ ಇರಬೇಕು. ಮೇಲೆ ಹೋದರೆ ಚಿಪ್ ಫೇಲು.

ಪ್ರೋಬಿನ ಹಲ್ಲು ಪ್ಯಾಡಿಗೆ ತಾಗಿದ್ದು ಕಣ್ಣಿಗೆ ಕಾಣುವುದಿಲ್ಲ. ತಾಗಿದ ಮೇಲೂ ಇನ್ನಷ್ಟು ಇಳಿಸಿದರೆ ಹಲ್ಲು ಮುಂದಕ್ಕೆ ಜಾರುತ್ತದೆ. ಆ ಜಾರಿಕೆ ಕಂಡಾಗಲೇ ತಾಗಿದೆ ಎಂದು ಗೊತ್ತಾಗುವುದು. ಇಪ್ಪತ್ತೈದು ಮೈಕ್ರಾನ್ ಜಾರಬೇಕು, ಅಂದರೆ ಕೂದಲಿನ ದಪ್ಪದಲ್ಲಿ ಮೂರರಲ್ಲಿ ಒಂದು ಪಾಲು. ಗುಂಡಿಯ ಸುತ್ತ ಕೊರೆದ ಗೀಟುಗಳ ಲೆಕ್ಕದಲ್ಲಿ ಅರ್ಧ ಗೀಟು. ಜಾರಿದ ಜಾಗದಲ್ಲಿ ಲೋಹ ಕೆರೆದುಹೋಗಿ ಕಲೆ ಉಳಿಯುತ್ತದೆ. ನಾಲ್ಕೈದು ಸಲ ಇಳಿಸಿದರೆ ಪ್ಯಾಡೇ ಸವೆದುಹೋಗುತ್ತದೆ, ಆಮೇಲೆ ಆ ಚಿಪ್ ಕಸ.

ಇದೆಲ್ಲದಕ್ಕೂ ಮೊದಲು ಕ್ಯಾಲಿಬ್ರೇಷನ್ ಎಂಬ ಒಂದು ಬೇಸರದ ಕೆಲಸವಿದೆ. ಉಗುರಿನಷ್ಟಗಲದ ಬಿಳೀ ಬಿಲ್ಲೆಯೊಂದಿದೆ, ಅದರ ಮೇಲೆ ಚಿನ್ನದ ಪಟ್ಟಿಗಳು. ಆ ಪಟ್ಟಿಗಳ ಗುಣ ಮೆಷಿನ್ನಿಗೆ ಮೊದಲೇ ಗೊತ್ತು. ಅವುಗಳ ಮೇಲೆ ಪ್ರೋಬ್ ಇಳಿಸಿ, ‘ಇಲ್ಲೀತನಕ ಇರೋದು ನಮ್ಮ ವೈರು, ನಮ್ಮ ಹಲ್ಲು, ಇದನ್ನೆಲ್ಲ ಕಳೆದುಬಿಡು’ ಎಂದು ಮೆಷಿನ್ನಿಗೆ ಕಲಿಸಬೇಕು. ಆಮೇಲೆ ಅದು ಚಿಪ್ಪನ್ನು ಮಾತ್ರ ಅಳೆಯುತ್ತದೆ. ಈ ಕೆಲಸ ಸುಪ್ರಿಯಾಳದು. ಕುಂಸಿಯ ಹುಡುಗಿ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು, ಲ್ಯಾಬಿಗೆ ಬಂದು ಎರಡು ವರ್ಷ. ಬಿಲ್ಲೆಯ ಮೇಲೆ ಒಂದು ಗುರುತಿದೆ. ಹಲ್ಲು ಆ ಗುರುತಿಗೆ ಬಂದ ತಕ್ಷಣ ನಿಲ್ಲಿಸುತ್ತಾಳೆ, ಒಂಚೂರೂ ಆಚೆ ಹೋಗುವುದಿಲ್ಲ. ನನಗೆ ಅದು ಗುಮಾಸ್ತೆ ಕೆಲಸದಂತೆ ಕಾಣುತ್ತಿತ್ತು. ‘ಗುರುತು ನೋಡ್ಕೊಂಡು ಇಳಿಸೋಕೆ ಕೈ ಯಾಕೆ ಬೇಕು ಮಾರಾಯ್ತಿ, ಕಣ್ಣಿದ್ರೆ ಸಾಕಲ್ಲ’ ಎಂದು ಎಷ್ಟೋ ಸಲ ಕಿಚಾಯಿಸಿದ್ದೆ. ಅವಳು ನಕ್ಕು ಮುಂದಿನ ಪಟ್ಟಿಗೆ ಹೋಗುತ್ತಿದ್ದಳು.

ಹಾಗಾದರೆ ಚಿಪ್ಪಿನ ಮೇಲೂ ಅವಳೇ ಯಾಕೆ ಇಳಿಸಬಾರದು ಎಂದು ಕೇಳಬಹುದು. ಕೈಗುಣ, ಅದಕ್ಕೆ. ಇಂಥ ಡಾಕ್ಟರ ಕೈಗುಣ ಚೆನ್ನಾಗಿದೆ ಎಂದು ನಮ್ಮ ಜನ ಎರಡು ಬಸ್ಸು ಬದಲಾಯಿಸಿ ಬರುತ್ತಾರೆ, ಇಂಥವರು ನೆಟ್ಟರೆ ಸಸಿ ಹಿಡಿಯುತ್ತದೆ ಎಂದು ಅವರನ್ನೇ ಕಾಯುತ್ತಾರೆ. ನಮ್ಮ ಕಾರ್ಖಾನೆಯಲ್ಲೂ ಹೊಸ ಲೇತು ಬಂದರೆ ಮೊದಲ ಕಟಿಂಗ್ ಹಿರಿಯ ಫಿಟ್ಟರನ ಕೈಯಲ್ಲೇ. ಪ್ರಸನ್ನಕುಮಾರ್ ಎಷ್ಟು ಓದಿದ್ದರೂ ಈ ವಿಷಯದಲ್ಲಿ ಅವರಪ್ಪನ ಮಗನೇ. ನಾನು ಸೇರಿದ ವರ್ಷ ಯಾರಿಂದಲೂ ಅಳೆಯಲಾಗದ ಮೂರು ಚಿಪ್ಪುಗಳನ್ನು ನಾನು ಒಂದೇ ಸಲಕ್ಕೆ ಅಳೆದುಕೊಟ್ಟೆ. ಅವತ್ತೇ ಅವನು ಅಪ್ಪಣೆ ಹೊರಡಿಸಿದ: ‘ಗಿರಾಕಿ ಚಿಪ್ ಮೇಲೆ ಹಿರಿಯಣ್ಣ ಸಾರ್ ಕೈ ಬಿಟ್ಟು ಬೇರೆ ಯಾರ ಕೈನೂ ಬೀಳ್ಬಾರ್ದು.’ ಅಲ್ಲಿಂದ ಹುಬ್ಬಳ್ಳಿಯವರು ಫೋನ್ ಮಾಡಿದರೂ ಮೊದಲು ಕೇಳುವುದು ‘ಹಿರಿಯಣ್ಣೋರು ಇದ್ದಾರೇನ್ರೀ’ ಎಂದೇ. ಬೇಡ ಎನ್ನಲು ನನಗೇನು ಹುಚ್ಚೇ?

ಈ ವರ್ಷದ ಆರಂಭದಲ್ಲಿ ಪ್ರಸನ್ನಕುಮಾರ್ ಹೊಸ ಮೆಷಿನ್ ತಂದ. ಹಳೆಯದು ಇಪ್ಪತ್ತು ಗಿಗಾಹರ್ಟ್ಸ್‌ವರೆಗೆ ಅಳೆಯುತ್ತಿತ್ತು, ಇದು ಅರವತ್ತೇಳರವರೆಗೆ. ಆಚೆ ರಸ್ತೆಯಲ್ಲಿ ಸಿಟಿ ಬಸ್ ಹೋದರೂ ಅಲುಗಬಾರದೆಂದು ಹಿಂದಿನ ಕೋಣೆಯಲ್ಲಿ ಗ್ರಾನೈಟ್ ಚಪ್ಪಡಿ ಹಾಕಿ, ಅದರಡಿ ಸ್ಕೂಟರ್ ಟ್ಯೂಬುಗಳನ್ನಿಟ್ಟು ನಾನೇ ಮಟ್ಟ ಮಾಡಿಕೊಟ್ಟೆ. ಜುಲೈ ತಿಂಗಳಲ್ಲಿ ಮೈಸೂರಿನ ಸಂಘಮಿತ್ರಾ ಎಂಬ ಡಿಸೈನರ್ ಒಂದು ಚಿಪ್ ಕಳಿಸಿದಳು. ಸುಪ್ರಿಯಾ ಕ್ಯಾಲಿಬ್ರೇಷನ್ ಮಾಡಿದಳು, ನಾನು ಇಳಿಸಿದೆ. ಐವತ್ತೈದು ಗಿಗಾಹರ್ಟ್ಸ್ ದಾಟಿದ ಮೇಲೆ ಗೆರೆ ಕೆಂಪು ಗೆರೆಯ ಮೇಲೆ ಹತ್ತಿತು. ಫೇಲ್ ಎಂದು ರಿಪೋರ್ಟ್ ಹೋಯಿತು.

ಆ ಹೆಣ್ಣುಮಗಳು ಒಪ್ಪಲಿಲ್ಲ. ‘ನನ್ನ ಚಿಪ್ ಹಾಗೆ ಮಾಡೋ ಸಾಧ್ಯತೇನೇ ಇಲ್ಲ, ಇನ್ನೊಂದ್ಸಲ ಅಳೆದು ಕೊಡಿ’ ಎಂದು ಫೋನ್ ಮಾಡಿದಳು. ಮತ್ತೆ ಕ್ಯಾಲಿಬ್ರೇಷನ್, ಮತ್ತೆ ನನ್ನ ಕೈ. ಅದೇ ಫಲಿತಾಂಶ. ಹೀಗೆ ನಾಲ್ಕು ಸಲ. ಪ್ಯಾಡುಗಳು ಸವೆದುಹೋದವು. ಇನ್ನೊಂದೇ ಚಿಪ್ ಉಳಿದಿದೆ, ಅದನ್ನು ಶನಿವಾರ ತಾನೇ ತರುತ್ತೇನೆ, ಎದುರಿಗೇ ಅಳೆಯಿರಿ ಎಂದಳು ಸಂಘಮಿತ್ರಾ.

ಪ್ರಸನ್ನಕುಮಾರನ ತಲೆ ಕೆಟ್ಟಿತು. ಚಿಪ್ ಸರಿಯಿದ್ದರೆ ತಪ್ಪು ಲ್ಯಾಬಿನದು. ಲ್ಯಾಬಿನಲ್ಲಿ ಮೆಷಿನ್ ಹೊಸದು, ಕೈ ಹಿರಿಯಣ್ಣನದು. ಉಳಿದವಳು ಯಾರು? ಸೋಮವಾರ ಬೆಳಿಗ್ಗೆ ಸುಪ್ರಿಯಾಳನ್ನು ನನ್ನೆದುರೇ ಕರೆದ.

‘ನಾಲ್ಕು ಸಲ ಕ್ಯಾಲಿಬ್ರೇಷನ್ ಮಾಡಿದೀಯ. ನಾಲ್ಕೂ ಸಲ ಹಳ್ಳ ಹಿಡಿದಿದೆ.’

‘ಬಿಲ್ಲೆ ಮೇಲೆ ಚೆಕ್ ಮಾಡಿದ್ರೆ ಸರಿ ಬರ್ತಿದೆ ಸಾರ್.’

‘ಬಿಲ್ಲೆ ಮೇಲೆ ಬಂದ್ರೇನು, ಚಿಪ್ ಮೇಲೆ ಬರ್ಬೇಕಲ್ಲ? ನೋಡಮ್ಮ, ನಿನ್ನ ಓದು ಸರಿ ಇದೆ, ಇಲ್ಲ ಅನ್ನಲ್ಲ. ಕೈ ಸರಿ ಇಲ್ಲ. ಶನಿವಾರ ಆ ಮೇಡಮ್ ಎದುರಿಗೆ ತಪ್ಪು ನಿನ್ನದೇ ಅಂತ ಸಾಬೀತಾದ್ರೆ, ನಾನು ಬೇರೆಯವರ್ನ ನೋಡ್ಕೋತೀನಿ.’

ಸುಪ್ರಿಯಾ ಅಳಲಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತು. ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಕೂತಿದ್ದಳು. ‘ಕೆಲಸ ಹೋದ್ರೆ ಹೋಗ್ಲಿ ಸಾರ್’ ಎಂದಳು ನನ್ನ ಹತ್ತಿರ. ‘ಕೈ ಸರಿ ಇಲ್ಲ ಅಂದ್ಬಿಟ್ರಲ್ಲ. ಈ ಲೈನಲ್ಲಿ ಇರೋದೇ ಹತ್ತಿಪ್ಪತ್ತು ಲ್ಯಾಬು, ಎಲ್ರಿಗೂ ಎಲ್ರೂ ಗೊತ್ತು. ಇನ್ಮುಂದೆ ಯಾರು ನನಗೆ ಪ್ರೋಬ್ ಮುಟ್ಟೋಕೆ ಬಿಡ್ತಾರೆ?’

ಅವಳು ಹೇಳಿದ್ದು ನಿಜ. ಕೈಗುಣ ಒಳ್ಳೆಯದು ಎಂಬ ಹೆಸರು ಬರಲು ವರ್ಷಗಟ್ಟಲೆ ಬೇಕು, ಕೆಟ್ಟದ್ದು ಎಂಬ ಹೆಸರಿಗೆ ಒಂದು ಫೋನ್ ಸಾಕು. ನನಗೆ ಪಾಪ ಅನ್ನಿಸಿತು. ಆದರೆ ಅವಳದೇ ತಪ್ಪು ಎಂಬುದರಲ್ಲಿ ನನಗೂ ಅನುಮಾನವಿರಲಿಲ್ಲ. ಸುಳ್ಳು ಯಾಕೆ ಹೇಳಲಿ.

ಮಂಗಳವಾರ ಒಂದು ಗಂಟೆ ಮುಂಚೆಯೇ ಲ್ಯಾಬಿಗೆ ಹೋದೆ. ಅವಳ ತಪ್ಪು ಎಲ್ಲಿದೆ ಎಂದು ಹಿಡಿದು, ಶನಿವಾರದೊಳಗೆ ತಿದ್ದಿಕೊಡೋಣ ಎಂಬ ಉದ್ದೇಶ. ಹಿರಿಯನಾಗಿ ಅಷ್ಟೂ ಮಾಡದಿದ್ದರೆ ಹೇಗೆ? ಸವೆದ ಚಿಪ್ಪನ್ನೂ ಬಿಲ್ಲೆಯನ್ನೂ ಪಕ್ಕಪಕ್ಕದಲ್ಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಬಿಲ್ಲೆಯ ಮೇಲೆ ಅವಳ ಹಲ್ಲಿನ ಕಲೆಗಳು ಸಾಲಾಗಿದ್ದವು, ಅಕ್ಕಿ ಕಾಳು ಜೋಡಿಸಿಟ್ಟ ಹಾಗೆ. ಅಳತೆಪಟ್ಟಿ ಹಿಡಿದು ನೋಡಿದೆ. ಇಪ್ಪತ್ತೈದು ಮೈಕ್ರಾನ್. ಪಕ್ಕದ್ದು ಇಪ್ಪತ್ತೈದು. ಅದರ ಪಕ್ಕದ್ದು ಇಪ್ಪತ್ತಾರು. ಒಂದಾದರೂ ತಪ್ಪಿರಬೇಕಲ್ಲ ಎಂದು ಮೂವತ್ತು ಕಲೆ ಅಳೆದೆ. ಹಾಳಾದ ಹುಡುಗಿ, ಒಂದೂ ತಪ್ಪಿರಲಿಲ್ಲ.

ಆಮೇಲೆ ಚಿಪ್ಪಿನ ಮೇಲಿನ ನನ್ನ ಕಲೆಗಳನ್ನು ಅಳೆದೆ. ಸುಮ್ಮನೆ, ಹೋಲಿಕೆಗೆ. ಐವತ್ತು. ಐವತ್ತು. ನಲವತ್ತೊಂಬತ್ತು. ಐವತ್ತು.

ಕಣ್ಣುಜ್ಜಿಕೊಂಡು ಮತ್ತೆ ಅಳೆದೆ. ಅಳತೆಪಟ್ಟಿಯೇ ಸುಳ್ಳಿರಬಹುದೆಂದು ಬೇರೆ ಪಟ್ಟಿ ತಂದು ಅಳೆದೆ. ನನ್ನ ಹಲ್ಲು ಪ್ರತಿಸಲವೂ ಅವಳದಕ್ಕಿಂತ ಎರಡು ಪಟ್ಟು ಜಾರಿತ್ತು. ಯಾಕೆಂದು ತಕ್ಷಣ ಗೊತ್ತಾಯಿತು, ಅದೇ ಬೇಜಾರು. ಟೂಲ್ ರೂಮಿನಲ್ಲಿ ನನಗೆ ಕೆಲಸ ಕಲಿಸಿದ್ದು ಮೂರ್ತಪ್ಪನವರು. ಉಬ್ಬುತಗ್ಗು ಅಳೆಯುವ ಡಯಲ್ ಗೇಜಿನ ತುದಿ ತಾಗಿದ ಮೇಲೆ ಇನ್ನರ್ಧ ಗೀಟು ಒತ್ತಿ ಕೊಡು, ಇಲ್ಲದಿದ್ದರೆ ಹಿಡಿತ ಇರುವುದಿಲ್ಲ ಎಂದು ಅವರು ಬೆರಳಿನ ಮೇಲೆ ಹೊಡೆದು ಕಲಿಸಿದ್ದರು. ಕಬ್ಬಿಣಕ್ಕೆ ಅದು ಸರಿ. ನಾನು ಅದನ್ನೇ ಇಲ್ಲಿಗೂ ತಂದಿದ್ದೆ. ನಿಲ್ಲಿಸಬೇಕಾದ ಕಡೆ ನಿಲ್ಲಿಸಿ, ಆಮೇಲೆ ನನಗೇ ಗೊತ್ತಿಲ್ಲದ ಹಾಗೆ ಇನ್ನರ್ಧ ಗೀಟು.

ಹಳೆಯ ಮೆಷಿನ್ನಿನಲ್ಲಿ ಅದು ನಡೆಯುತ್ತಿತ್ತು. ಇಪ್ಪತ್ತು ಗಿಗಾಹರ್ಟ್ಸಿಗೆ ಇಪ್ಪತ್ತೈದು ಮೈಕ್ರಾನ್ ಲೆಕ್ಕಕ್ಕಿಲ್ಲ. ಅರವತ್ತಕ್ಕೆ ಸಿಗ್ನಲ್ಲಿನ ಅಲೆ ಚಿಕ್ಕದು, ಆಗ ಲೆಕ್ಕಕ್ಕಿದೆ. ಬಿಲ್ಲೆಯ ಮೇಲೆ ಹಲ್ಲು ಎಲ್ಲಿ ನಿಂತಿತ್ತೋ ಚಿಪ್ಪಿನ ಮೇಲೂ ಅಲ್ಲೇ ನಿಂತಿದೆ ಎಂದು ಮೆಷಿನ್ ನಂಬುತ್ತದೆ. ಅವಳು ಒಂದು ಕಡೆ ನಿಲ್ಲಿಸಿದ್ದಳು, ನಾನು ಇನ್ನೊಂದು ಕಡೆ. ನಡುವಿನ ಇಪ್ಪತ್ತೈದು ಮೈಕ್ರಾನನ್ನು ಮೆಷಿನ್ ಸಂಘಮಿತ್ರಾಳ ಚಿಪ್ಪಿನ ತಲೆಗೆ ಕಟ್ಟಿತು. ಪೂರ್ತಿ ಸುಪ್ರಿಯಾಳೇ ಮಾಡಿದ್ದರೆ ಸರಿ ಬರುತ್ತಿತ್ತು. ಪೂರ್ತಿ ನಾನೇ ಮಾಡಿದ್ದರೂ ಹೆಚ್ಚುಕಡಿಮೆ ಸರಿ ಬರುತ್ತಿತ್ತೇನೋ. ಕೈಗುಣದ ಹೆಸರಿನಲ್ಲಿ ಎರಡು ಕೈ ಸೇರಿಸಿದ್ದೇ ಎಡವಟ್ಟು.

ಕಿವಿ ಬಿಸಿಯಾಯಿತು. ನಾಚಿಕೆಯೋ ಸಿಟ್ಟೋ, ಎರಡೂ ಇರಬೇಕು. ಅಷ್ಟರಲ್ಲಿ ಸುಪ್ರಿಯಾ ಬಂದಳು. ‘ಏನಾದ್ರೂ ಸಿಕ್ತಾ ಸಾರ್?’ ಎಂದಳು. ಏನೂ ಇಲ್ಲ ಎಂದು ಚಿಪ್ಪನ್ನು ಡಬ್ಬಿಗೆ ಹಾಕಿದೆ.

ರಾತ್ರಿ ಊಟಕ್ಕೆ ಕೂತಾಗ ವಿಶಾಲಮ್ಮನಿಗೆ ಹೇಳಿದೆ. ಅವಳಿಗೆ ಮೈಕ್ರಾನೂ ಗೊತ್ತಿಲ್ಲ ಗಿಗಾಹರ್ಟ್ಸೂ ಗೊತ್ತಿಲ್ಲ, ವಿಷಯ ಮಾತ್ರ ಥಟ್ಟನೆ ಗೊತ್ತಾಯಿತು.

‘ನೀವು ಮಾಡಿದ ತಪ್ಪಿಗೆ ಆ ಹುಡುಗಿನ ಕಳಿಸ್ತಾರೆ ಅಂತೀರಾ?’

‘ತಪ್ಪು ಅಂದ್ರೆ ತಪ್ಪಲ್ಲ, ಅಭ್ಯಾಸ.’

‘ಏನಾದ್ರೂ ಆಗ್ಲಿ. ನಾಳೆ ಹೋಗಿ ಹೇಳಿ.’

‘ಹೇಳ್ತೀನಿ.’

‘ನಾಡಿದ್ದಲ್ಲ. ನಾಳೆ.’ ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ನಾಳೆ ಹೇಳಲಿಲ್ಲ. ನಾಡಿದ್ದೂ ಹೇಳಲಿಲ್ಲ. ಬಸ್ಸಿನಲ್ಲಿ ಕೂತಾಗ ಮಾತು ಜೋಡಿಸಿಕೊಳ್ಳುತ್ತಿದ್ದೆ, ಲ್ಯಾಬಿಗೆ ಬಂದ ಮೇಲೆ ನೇರ ಹೋಗಿ ಮೈಕ್ರೋಸ್ಕೋಪಿನ ಮುಂದೆ ಕೂತುಬಿಡುತ್ತಿದ್ದೆ. ಶುಕ್ರವಾರ ಮಧ್ಯಾಹ್ನ ಕೊನೆಗೂ ಪ್ರಸನ್ನಕುಮಾರನನ್ನು ಹಿಂದಿನ ಕೋಣೆಗೆ ಕರೆದು ಎಲ್ಲ ಹೇಳಿದೆ. ಮೈಕ್ರೋಸ್ಕೋಪಿನಲ್ಲಿ ಕಲೆಗಳನ್ನೂ ತೋರಿಸಿದೆ.

ಅವನು ನೋಡಿದ. ತಲೆ ಎತ್ತಿದಾಗ ಕಣ್ಣಲ್ಲಿ ನೀರು.

‘ನಿಮ್ಮದು ದೊಡ್ಡ ಮನಸ್ಸು ಸಾರ್’ ಎಂದ.

‘ಮನಸ್ಸಲ್ಲ ಮಾರಾಯ, ಕಲೆ ನೋಡು. ಎರಡು ಪಟ್ಟು ಇದೆ.’

‘ನೋಡ್ದೆ. ಎಷ್ಟು ಗಟ್ಟಿ ಕಾಂಟ್ಯಾಕ್ಟು! ಅವಳದು ನೋಡಿ, ಮುಟ್ಟಿದ್ಯೋ ಇಲ್ವೋ ಅನ್ನೋ ಹಾಗಿದೆ. ಆ ಹುಡುಗಿನ ಉಳಿಸ್ಬೇಕು ಅಂತ ನಿಮ್ಮ ತಲೆ ಮೇಲೆ ಎಳ್ಕೋತಿದೀರಿ. ನನಗೆ ಗೊತ್ತಾಗಲ್ವಾ? ನೀವು ತಪ್ಪು ಮಾಡಿದ್ರೆ ಈ ಲ್ಯಾಬು ನಾಲ್ಕು ವರ್ಷ ನಿಲ್ತಿತ್ತಾ?’

ಇವನಿಗೆ ಎಂ.ಟೆಕ್ ಕೊಟ್ಟವರನ್ನು ಹುಡುಕಿಕೊಂಡು ಹೋಗಿ ಬೈಯಬೇಕು ಎನ್ನಿಸಿತು. ಇನ್ನೂ ಎರಡು ಸಲ ಹೇಳಿದೆ. ಅವನು ನನ್ನ ಭುಜ ತಟ್ಟಿದ. ಆಮೇಲೆ ನಾನು ಸುಮ್ಮನಾದೆ. ಅಷ್ಟೇ ಅಲ್ಲ, ಒಳಗೊಳಗೇ ಹಗುರವಾಯಿತು. ಹೇಳುವುದು ಹೇಳಿ ಆಯಿತು, ನಂಬದಿದ್ದರೆ ನಾನೇನು ಮಾಡಲಿ? ಅವತ್ತು ಸಂಜೆ ಬಸ್ಸಿನಲ್ಲಿ ಕಡಲೆಕಾಯಿ ಕೊಂಡು ತಿಂದುಕೊಂಡು ಮನೆಗೆ ಹೋದೆ.

ಶನಿವಾರ ಹನ್ನೊಂದಕ್ಕೆ ಸಂಘಮಿತ್ರಾ ಬಂದಳು. ಮೂವತ್ತೈದರ ಹೆಂಗಸು, ಹೆಚ್ಚು ಮಾತಿಲ್ಲ. ಕಾಫಿ ಬೇಡವೆಂದು ನೇರ ಹಿಂದಿನ ಕೋಣೆಗೆ ಬಂದು, ಕೈಚೀಲದಿಂದ ಡಬ್ಬಿ ತೆಗೆದಿಟ್ಟಳು. ಅದರೊಳಗೆ ಕೊನೆಯ ಚಿಪ್. ‘ಕ್ಯಾಲಿಬ್ರೇಷನ್ ಯಾರು ಮಾಡ್ತಾರೆ?’ ಎಂದು ಕೇಳಿದಳು. ಸುಪ್ರಿಯಾ ಕೈ ಎತ್ತಿದಳು. ‘ಚಿಪ್ ಮೇಲೆ ಯಾರು ಇಳಿಸ್ತಾರೆ?’ ‘ನಾನು’ ಎಂದೆ.

‘ಇಬ್ಬರಾ? ಯಾಕೆ ಇಬ್ಬರು?’

ಪ್ರಸನ್ನಕುಮಾರ್ ಪರದೆಯ ಧೂಳು ಒರೆಸತೊಡಗಿದ. ಮೈಸೂರಿನಿಂದ ಬಂದವಳಿಗೆ ಕೈಗುಣ ಎಂದು ಹೇಳಲು ಅವನಿಗೂ ನಾಚಿಕೆಯಾಗಿರಬೇಕು. ‘ಇವತ್ತು ಇಬ್ಬರು ಬೇಡ’ ಎಂದಳು ಅವಳು. ‘ಕ್ಯಾಲಿಬ್ರೇಷನ್ ಮಾಡಿದವರೇ ಇಳಿಸ್ಲಿ.’

ಸುಪ್ರಿಯಾ ಹಿಂದೆ ಸರಿದಳು. ‘ನಾನು ಗಿರಾಕಿ ಚಿಪ್ ಮುಟ್ಟಲ್ಲ ಮೇಡಮ್. ಇರೋದೊಂದೇ ಚಿಪ್. ನನ್ನ ಕೈ...’ ಎಂದು ಅರ್ಧಕ್ಕೇ ನಿಲ್ಲಿಸಿದಳು. ಐದು ದಿನದಲ್ಲಿ ಅವಳೇ ಆ ಮಾತನ್ನು ನಂಬಿಬಿಟ್ಟಿದ್ದಳು. ನನಗೆ ರೇಗಿತು. ‘ಕೂತ್ಕೊಳ್ಳೇ ಸುಮ್ನೆ, ಎಷ್ಟು ನಖರಾ’ ಎಂದು ಗದರಿದೆ. ಕೂತಳು.

ಬಿಲ್ಲೆಯ ಮೇಲೆ ಅವಳದೇ ರೀತಿಯಲ್ಲಿ ಕ್ಯಾಲಿಬ್ರೇಷನ್ ಮುಗಿಸಿದಳು. ಆಮೇಲೆ ಉಸಿರು ಬಿಗಿಹಿಡಿದು ಚಿಪ್ಪಿನ ಮೇಲೆ ಪ್ರೋಬ್ ಇಳಿಸಿದಳು. ಹಲ್ಲು ಜಾರಲು ಶುರುವಾಯಿತು, ನಿಂತಿತು. ಪರದೆಯ ಮೇಲೆ ಗೆರೆ ಎಡದಿಂದ ಬಲಕ್ಕೆ ನಡೆಯಿತು. ನಲವತ್ತು, ಐವತ್ತು, ಐವತ್ತೈದು, ಅರವತ್ತು. ಕೊನೆಯವರೆಗೂ ಕೆಂಪು ಗೆರೆಯ ಕೆಳಗೇ. ಸಂಘಮಿತ್ರಾ ಕುರ್ಚಿಯ ಬೆನ್ನಿಗೆ ಒರಗಿದಳು, ಅಷ್ಟೇ. ಸುಪ್ರಿಯಾ ಪ್ರೋಬನ್ನು ಮೇಲೆತ್ತಿ ನನ್ನ ಕಡೆ ನೋಡಿ ಚಿಕ್ಕ ಮಗುವಿನ ಹಾಗೆ ನಕ್ಕಳು.

ಅಲ್ಲಿಗೆ ಮುಗಿಯಬೇಕಿತ್ತು. ಪ್ರಸನ್ನಕುಮಾರ್ ಬಿಡಲಿಲ್ಲ.

‘ನೋಡಿದ್ರಾ? ಇವತ್ತು ಕ್ಯಾಲಿಬ್ರೇಷನ್ ಸರಿಯಾಗಿ ಮಾಡಿದ್ಲು, ಸರಿ ಬಂತು. ಅಂದ್ರೆ ಹಿಂದಿನ ನಾಲ್ಕು ಸಲ ಇವಳೇ ಕೆಡಿಸಿದ್ದು. ಸಾರಿ ಮೇಡಮ್, ಇನ್ಮೇಲೆ ಹೀಗಾಗಲ್ಲ. ಸುಪ್ರಿಯಾ, ನಿನ್ನ ಹತ್ರ ಆಮೇಲೆ ಮಾತಾಡ್ತೀನಿ.’

ಸುಪ್ರಿಯಾಳ ನಗು ಮುಖದಲ್ಲೇ ಒಣಗಿತು. ಸಂಘಮಿತ್ರಾ ಒಂದು ಕ್ಷಣ ಯೋಚಿಸಿದಳು. ‘ಅದನ್ನ ಹೀಗೇ ಹೇಳೋಕಾಗಲ್ಲ’ ಎಂದಳು. ‘ಪ್ಯಾಡಲ್ಲಿ ಇನ್ನೂ ಜಾಗ ಇದೆ. ಕ್ಯಾಲಿಬ್ರೇಷನ್ ಇದೇ ಇರ್ಲಿ, ಯಾರೂ ಮುಟ್ಬೇಡಿ. ಈಗ ಇವರು ಒಂದ್ಸಲ ಇಳಿಸ್ಲಿ. ಇವರಿಗೂ ಸರಿ ಬಂದ್ರೆ ಅವತ್ತು ಕ್ಯಾಲಿಬ್ರೇಷನ್ ತಪ್ಪಿತ್ತು. ಇವರಿಗೆ ತಪ್ಪು ಬಂದ್ರೆ ಕ್ಯಾಲಿಬ್ರೇಷನ್ ಯಾವತ್ತೂ ತಪ್ಪಿರ್ಲಿಲ್ಲ.’

ನಾನು ವಾಚು ಬಿಚ್ಚಿ ಸ್ಟೂಲಿನ ಮೇಲೆ ಕೂತೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಹಿಂದೆ ಮೂವರು ನಿಂತಿದ್ದರು. ನನ್ನ ಹೆಸರು, ಆ ಹುಡುಗಿಯ ಹೆಸರು, ಎರಡೂ ಈಗ ಆ ಗುಂಡಿಯಲ್ಲಿದ್ದವು. ನಾನು ಯಾವಾಗಲೂ ಇಳಿಸುವ ಹಾಗೆ ಇಳಿಸಿದರೆ ಗೆರೆ ಮೇಲೆ ಹೋಗುತ್ತದೆ, ಅವಳು ಉಳಿಯುತ್ತಾಳೆ. ಅರ್ಧ ಗೀಟಿಗೆ ನಿಲ್ಲಿಸಿದರೆ ಗೆರೆ ಕೆಳಗಿರುತ್ತದೆ, ನಾನು ಉಳಿಯುತ್ತೇನೆ. ಎಲ್ಲಿ ನಿಲ್ಲಿಸಬೇಕೆಂದು ಈಗ ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಿದರೂ ಪ್ರಸನ್ನಕುಮಾರ್ ನಂಬಿರಲಿಲ್ಲ, ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ.

ಒಳ್ಳೆಯವನ ಹಾಗೆ ಹೇಳಿಕೊಳ್ಳಬಹುದಿತ್ತು. ಆದರೆ ಆ ಕ್ಷಣದಲ್ಲಿ ನನಗೆ ಸುಪ್ರಿಯಾ ನೆನಪಾಗಲಿಲ್ಲ, ವಿಶಾಲಮ್ಮನೂ ನೆನಪಾಗಲಿಲ್ಲ. ಹುಬ್ಬಳ್ಳಿಯಿಂದ ಬರುವ ಫೋನು ನೆನಪಾಯಿತು. ಸರಿಯಾಗಿ ಇಳಿಸುತ್ತೇನೆ ಎಂದು ತೀರ್ಮಾನಿಸಿದೆ.

ಗುಂಡಿ ತಿರುಗಿಸಿದೆ. ಮೂರೂ ಹಲ್ಲು ಒಟ್ಟಿಗೆ ತಾಗಿದವು, ಸುಪ್ರಿಯಾಳ ಕಲೆಯ ಪಕ್ಕದಲ್ಲೇ. ಜಾರಲು ಶುರುವಾಯಿತು. ಲೆಕ್ಕ ಹಾಕಿಕೊಂಡು ಅರ್ಧ ಗೀಟಿಗೆ ನಿಲ್ಲಿಸಿದೆ. 

‘ಆಯ್ತು, ಅಳೀರಿ’ ಎಂದೆ.

ಪರದೆಯ ಮೇಲೆ ಗೆರೆ ನಡೆಯಿತು. ಐವತ್ತೈದು ದಾಟಿದ ಮೇಲೆ ಮೆಲ್ಲಗೆ ಏರಿ ಕೆಂಪು ಗೆರೆಯನ್ನು ದಾಟಿ ಮೇಲೆ ಹೋಯಿತು. ಜುಲೈ ತಿಂಗಳ ರಿಪೋರ್ಟಿನಲ್ಲಿ ಇದ್ದ ಹಾಗೇ.

ನಾನು ನಂಬದೆ ಮತ್ತೆ ಕಣ್ಣಿಟ್ಟು ನೋಡಿದೆ. ಹಲ್ಲುಗಳು ಸುಪ್ರಿಯಾಳ ಕಲೆ ಮುಗಿದ ಕಡೆಯಿಂದ ಇನ್ನೊಂದು ಕಲೆಯಷ್ಟು ದೂರ ಮುಂದೆ ಹೋಗಿ ನಿಂತಿದ್ದವು. ನಾನು ನಿಲ್ಲಿಸಿದ್ದೆ. ದೇವರಾಣೆಗೂ ನಿಲ್ಲಿಸಿದ್ದೆ. ಬೆರಳು ನಿಲ್ಲಿಸಿರಲಿಲ್ಲ.

 ಆಗ ಪ್ರಸನ್ನಕುಮಾರ್ ಗಂಟಲು ಸರಿಮಾಡಿಕೊಂಡ.

‘ಮೇಡಮ್, ಇದನ್ನ ಲೆಕ್ಕಕ್ಕೆ ತಗೋಬೇಡಿ. ಸಾರ್ ಬೇಕಂತಲೇ ಒತ್ತಿದಾರೆ. ಈ ಹುಡುಗಿನ ಉಳಿಸೋಕೆ. ನಿನ್ನೇನೂ ನನ್ನ ಹತ್ರ ಇದನ್ನೇ ಹೇಳೋಕೆ ಬಂದಿದ್ರು. ಇಂಥ ಮನುಷ್ಯರು ಎಲ್ಲಿ ಸಿಗ್ತಾರೆ ಹೇಳಿ.’

ತಿರುಗಿ ನೋಡಿದೆ. ಸುಪ್ರಿಯಾ ಕಣ್ಣು ತುಂಬಿಕೊಂಡು ನಿಂತಿದ್ದಳು. ‘ಹೌದಾ ಸಾರ್? ನನಗೋಸ್ಕರ ಒತ್ತಿದ್ರಾ?’ ಎಂದಳು. ಅಪ್ಪನನ್ನು ನೋಡುವ ಹಾಗೆ ನೋಡುತ್ತಿದ್ದಳು.

ಈಗ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಕೈಗುಣವೂ ನನ್ನದು, ದೊಡ್ಡ ಮನಸ್ಸೂ ನನ್ನದು. ಅವಳು ಸೋಮವಾರದಿಂದ ಬರುವುದಿಲ್ಲ, ಆದರೆ ಜನ್ಮವಿಡೀ ನನ್ನನ್ನು ನೆನೆದು ಕೈ ಮುಗಿಯುತ್ತಾಳೆ. ಥೂ ಎನ್ನಿಸಿತು, ಅಷ್ಟು ಅಸಹ್ಯ ನನಗೆ ನನ್ನ ಮೇಲೆ ಯಾವತ್ತೂ ಆಗಿರಲಿಲ್ಲ. ನಾನು ತಪ್ಪು ಮಾಡಿದೆ ಎಂದರೆ ಪ್ರಸನ್ನಕುಮಾರ್ ನಂಬುವುದಿಲ್ಲ, ಅದು ನಿನ್ನೆಯೇ ಗೊತ್ತಾಗಿತ್ತು. ಅವನು ನಂಬುವಂಥದ್ದು ಒಂದೇ ಒಂದಿತ್ತು.

‘ಬೇಕಂತ ಒತ್ತಿಲ್ಲ’ ಎಂದೆ. ‘ಪ್ರಸನ್ನ, ನನ್ನ ಮುಖ ನೋಡ್ಕೊಂಡು ಕೇಳು. ಸರಿಯಾಗಿ ಇಳಿಸ್ಬೇಕು ಅಂತಲೇ ಕೂತೆ. ಅರ್ಧ ಗೀಟಿಗೆ ನಿಲ್ಲಿಸಿದ್ರೆ ಸರಿ ಬರುತ್ತೆ ಅಂತ ನನಗೆ ಮಂಗಳವಾರದಿಂದ ಗೊತ್ತು. ಸರಿ ಬಂದ್ರೆ ತಪ್ಪು ಸುಪ್ರಿಯಾದು ಅಂತ ಆಗುತ್ತೆ, ನನ್ನ ಹೆಸರು ಉಳಿಯುತ್ತೆ ಅಂತಲೂ ಗೊತ್ತಿತ್ತು. ಗೊತ್ತಿದ್ದೇ ಕೂತೆ. ನಿಲ್ಲಿಸೋಕೆ ಆಗ್ಲಿಲ್ಲ. ನನ್ನ ಕೈಗೆ ನಿಲ್ಲಿಸೋಕೆ ಬರೋದೇ ಇಲ್ಲ. ಈ ವರ್ಷ ಹೊಸ ಮೆಷಿನ್ನಲ್ಲಿ ನಾನು ಇಳಿಸಿದ್ದೆಲ್ಲ ಹೀಗೇ.’

ಪ್ರಸನ್ನಕುಮಾರ್ ನನ್ನ ಮುಖವನ್ನೇ ನೋಡಿದ. ಈ ಸಲ ಭುಜ ತಟ್ಟಲಿಲ್ಲ. ನಂಬಿದ್ದು ಅವನ ಮುಖದಲ್ಲಿ ಕಂಡಿತು, ನಿಧಾನವಾಗಿ. ಮೇಜಿನ ಅಂಚು ಹಿಡಿದುಕೊಂಡು ‘ಈ ವರ್ಷದ್ದು ಎಲ್ಲಾನಾ?’ ಎಂದ. ಆಮೇಲೆ ಸುಪ್ರಿಯಾಳ ಕಡೆ ತಿರುಗಿ, ‘ಆ ಚಿಪ್ಪುಗಳ್ನೆಲ್ಲ ವಾಪಸ್ ತರಿಸ್ಬೇಕು. ನೀನೇ ಅಳೀಬೇಕಾಗುತ್ತಮ್ಮ’ ಎಂದ.

ಸುಪ್ರಿಯಾ ನನ್ನನ್ನೇ ನೋಡುತ್ತಿದ್ದಳು. ಕಣ್ಣಲ್ಲಿದ್ದ ನೀರು ಅಲ್ಲೇ ಇತ್ತು, ಬೇರೆ ಎಲ್ಲ ಹೋಗಿತ್ತು.

‘ಅಂದ್ರೆ ಆಗ, ಇಲ್ಲಿ ಕೂತಾಗ, ನಾನು ಹೋದ್ರೆ ಹೋಗ್ಲಿ ಅನ್ಕೊಂಡ್ರಾ ಸಾರ್?’

‘ಅನ್ಕೊಂಡೆ.’

ಅವಳು ಕೆನ್ನೆ ಒರೆಸಿಕೊಂಡಳು. ಪರದೆ ನೋಡಿದಳು, ಗ್ರಾನೈಟ್ ಚಪ್ಪಡಿಯ ಮೇಲಿನ ಚಿಪ್ ನೋಡಿದಳು.

‘ಹಲ್ಲು ಇನ್ನೂ ಪ್ಯಾಡ್ ಮೇಲೇ ಇದೆ, ಸವೆಯುತ್ತೆ’ ಎಂದಳು. ‘ನೀವು ಮುಟ್ಬೇಡಿ. ಏಳಿ ಸಾರ್.’

ಎದ್ದೆ.